ಸೂಪರ್ ಮಾರಿಯೊ 64 ಈಗ ಮೊದಲ ಸಲ ಆಡುತ್ತಿದ್ದೇನೆ. ಇದರಲ್ಲಿ ಅಂಥದ್ದೇನಿದೆ?

ಹೊಸಬ22

ನನಗೆ 22 ವರ್ಷ. ಈ ಆಟ ನನಗಿಂತ ದೊಡ್ಡದು, 1996ರ ಜೂನ್ 23ರಂದು ಜಪಾನಿನಲ್ಲಿ ನಿಂಟೆಂಡೊ 64 ಎನ್ನುವ ಗೇಮ್ ಯಂತ್ರದ ಜೊತೆಗೇ ಬಂದದ್ದು. ನಿಂಟೆಂಡೊದ್ದೇ ಹೊಸ ಯಂತ್ರ ಸ್ವಿಚ್‌ನಲ್ಲಿ ಹಳೇ ಆಟಗಳಿಗೆ ಚಂದಾ ಕಟ್ಟಿದ್ದೆ, ಸುಮ್ನೆ ನೋಡೋಣ ಎಂದು ತೆರೆದೆ. ಎರಡು ಸಂಜೆ ಆಡಿದ್ದೇನೆ, ಆಟದಲ್ಲಿ ಕೂಡಿಸಬೇಕಾದ ನಕ್ಷತ್ರಗಳಲ್ಲಿ 9 ಸಿಕ್ಕಿವೆ.

ಬೈಯಬೇಡಿ, ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಕ್ಯಾಮೆರಾ ಮಾತು ಕೇಳುವುದಿಲ್ಲ. ತಿರುಗಿಸಿದರೆ ಒಮ್ಮೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ವಾಂಪ್ಸ್ ಫೋರ್ಟ್ರೆಸ್ ಎನ್ನುವ ಲೆವೆಲ್‌ನಲ್ಲಿ ಕಿರಿದಾದ ಜಾಗ ದಾಟುವಾಗ ನಾಲ್ಕು ಸಲ ಬಿದ್ದೆ, ನಾಲ್ಕು ಸಲವೂ ತಪ್ಪು ನನ್ನದಲ್ಲ. ಮರಗಳು ರಟ್ಟು ಕತ್ತರಿಸಿ ನಿಲ್ಲಿಸಿದ ಹಾಗಿವೆ. ಕಥೆಯೋ, ಕೇಕ್ ಮಾಡಿದ್ದೇನೆ ಬಾ ಎಂದು ರಾಜಕುಮಾರಿ ಪತ್ರ ಬರೆಯುತ್ತಾಳೆ, ಹೋದರೆ ಅವಳನ್ನು ಬೌಸರ್ ಹಿಡಿದಿಟ್ಟಿದ್ದಾನೆ. ಅಷ್ಟೇ.

ಇಲ್ಲಿ ನೋಡಿದರೆ ಅರ್ಧ ಜನ ವರ್ಷಕ್ಕೊಮ್ಮೆ ಇದನ್ನೇ ಆಡುತ್ತೀರಿ. ಚಿಕ್ಕಂದಿನ ನೆನಪು ಬಿಟ್ಟು ಬೇರೇನಾದರೂ ಇದೆಯಾ?

ಮೂರನೇಜಿಗಿತ

ಒಂದೇ ಪ್ರಶ್ನೆ. ಆಟ ಶುರುವಾದಾಗ ಕೋಟೆ ಮುಂದಿನ ತೋಟದಲ್ಲಿ ಎಷ್ಟು ಹೊತ್ತು ಇದ್ದಿರಿ?

ಹೊಸಬ22

ಹತ್ತು ಸೆಕೆಂಡ್ ಇರಬೇಕು. ಸೇತುವೆ ದಾಟಿ ಸೀದಾ ಒಳಗೆ ಹೋದೆ. ಅಲ್ಲಿ ಏನೂ ಇಲ್ವಲ್ಲ.

ಮೂರನೇಜಿಗಿತ

ಅಲ್ಲೇ ಎಡವಿದ್ದೀರಿ. ಏನೂ ಇಲ್ಲ ಎನ್ನುವುದಕ್ಕೇ ಆ ತೋಟ ಇರುವುದು. ಶತ್ರು ಇಲ್ಲ, ಗಡಿಯಾರ ಇಲ್ಲ, ಬಿದ್ದು ಸಾಯಲು ಪ್ರಪಾತ ಇಲ್ಲ. ಹುಲ್ಲು, ಇಳಿಜಾರು, ನಾಲ್ಕು ಮರ, ಕಂದಕದಲ್ಲಿ ನೀರು. ಮತ್ತೆ ನಿಮ್ಮ ಕೈಯಲ್ಲಿ ಒಬ್ಬ ಮಾರಿಯೊ.

ಮಾರಿಯೊನನ್ನು ಸೃಷ್ಟಿಸಿದ ಮಿಯಾಮೊಟೊ ಮತ್ತು ಅವರ ತಂಡ ಲೆವೆಲ್‌ಗಳಿಗೆ ಕೈ ಹಾಕುವ ಮೊದಲೇ ಮಾರಿಯೊನ ಓಟ, ಜಿಗಿತ ತಿದ್ದುತ್ತಾ ಕೂತರು. ಒಂದು ಜಾಗದಲ್ಲಿ ಮೊಲ ಬಿಟ್ಟು, ಅದನ್ನು ಅಟ್ಟಿಸಿಕೊಂಡು ಹೋಗಿ ಹಿಡಿಯುವುದು ಅವರ ಪರೀಕ್ಷೆ. ಅದು ಮಜಾ ಕೊಟ್ಟ ಮೇಲೆ ಉಳಿದದ್ದು. ಆ ಮೊಲ ಈಗಲೂ ಆಟದಲ್ಲಿದೆ. 15 ನಕ್ಷತ್ರ ಆದ ಮೇಲೆ ಕೋಟೆಯ ನೆಲಮಾಳಿಗೆಗೆ ಹೋಗಿ ನೋಡಿ, ಹಳದಿ ಮೊಲ ಓಡಾಡುತ್ತಿರುತ್ತದೆ. ಹೆಸರು ಮಿಪ್ಸ್. ನಿಂಟೆಂಡೊ 64ರ ಪ್ರೊಸೆಸರ್ ಯಾವ ಜಾತಿಯದೋ ಅದರದ್ದೇ ಹೆಸರು. 50 ಆದ ಮೇಲೆ ಇನ್ನೊಂದು ಸಲ ಬರುತ್ತದೆ.

ನಿಮಗೆ ಮನೆಪಾಠ ಕೊಡುತ್ತೇನೆ. ಕೋಟೆ ಒಳಗೆ ಹೋಗಬೇಡಿ. ಹದಿನೈದು ನಿಮಿಷ ತೋಟದಲ್ಲಿ ಆಡಿ. ಓಡುತ್ತಾ ಸರಿಯಾದ ಲಯದಲ್ಲಿ ಮೂರು ಸಲ ಜಿಗಿತದ ಎ ಬಟನ್ ಒತ್ತಿದರೆ ಮೂರನೆಯದು ಪಲ್ಟಿ. ಓಡುತ್ತಿದ್ದವನು ಥಟ್ಟನೆ ಹಿಂದಕ್ಕೆ ತಿರುಗಿದರೆ ಕಾಲು ಜಾರಿಸಿ ನಿಲ್ಲುತ್ತಾನೆ, ಆ ಜಾರುವ ಕ್ಷಣದಲ್ಲೇ ಜಿಗಿದರೆ ಪಕ್ಕಕ್ಕೆ ಲಾಗ. ಓಡುತ್ತಾ ಝಡ್ ಒತ್ತಿ ಎ ಒತ್ತಿದರೆ ಉದ್ದ ಜಿಗಿತ. ಮರ ಹತ್ತಿ, ತುದಿ ಮುಟ್ಟಿದ ಮೇಲೂ ಸ್ಟಿಕ್ ಮೇಲಕ್ಕೇ ತಳ್ಳಿ. ಏನಾಗುತ್ತದೆ ಎಂದು ಬಂದು ಹೇಳಿ.

ತಕ್ಕಡಿ

ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಈ ಆಟ ನನಗೂ ಇಷ್ಟ. ಆದರೆ ಇದರ ಹೆಸರಿನಲ್ಲಿ ಅರ್ಧ ಪಾಲು "ಮೊದಲು ಬಂದವನು" ಎನ್ನುವುದಕ್ಕೆ ಸಿಕ್ಕಿದ್ದು. ಅದೂ ಪೂರ್ತಿ ನಿಜ ಅಲ್ಲ. ಪ್ಲೇಸ್ಟೇಷನ್‌ನಲ್ಲಿ ಜಂಪಿಂಗ್ ಫ್ಲ್ಯಾಶ್ 1995ರಲ್ಲೇ ಬಂದಿತ್ತು, ಮೂರು ಆಯಾಮದಲ್ಲಿ ಎತ್ತರೆತ್ತರ ಜಿಗಿಯುವ ಆಟ. ಹೊಸಬರಿಗೆ ಕ್ಯಾಮೆರಾ ಕಿರಿಕಿರಿ ಅನ್ನಿಸಿದರೆ ಅದು ಅವರ ತಪ್ಪಲ್ಲ.

ಮೂರನೇಜಿಗಿತ

ಮೊದಲನೆಯದು ಎಂದು ನಾನೆಲ್ಲಿ ಹೇಳಿದೆ? ಆದರೆ ಅದೇ 1996ರಲ್ಲಿ ಬಂದ ಬೇರೆಯವರನ್ನೂ ನೋಡಿ. ಕ್ರ್ಯಾಶ್ ಬ್ಯಾಂಡಿಕೂಟ್ ಹೆಚ್ಚಾಗಿ ಒಂದು ಓಣಿಯಲ್ಲಿ ಓಡಿಸುತ್ತದೆ, ಕ್ಯಾಮೆರಾ ತಕರಾರೇ ಬರದ ಹಾಗೆ. ಟೂಂಬ್ ರೈಡರ್‌ನಲ್ಲಿ ಲೋಕವೇ ಚೌಕ ಚೌಕ, ಹೆಜ್ಜೆ ಲೆಕ್ಕ ಹಾಕಿ ಜಿಗಿಯಬೇಕು. ಎರಡೂ ಒಳ್ಳೆಯ ಆಟಗಳೇ. ಆದರೆ ಬಯಲಿನಲ್ಲಿ ಬಿಟ್ಟು "ಎತ್ತ ಬೇಕಾದರೂ ಓಡು" ಎಂದದ್ದು ಮಾರಿಯೊ. ಆ ಧೈರ್ಯಕ್ಕೆ ತೆತ್ತ ಬೆಲೆಯೇ ಈ ಕ್ಯಾಮೆರಾ.

ಕೀಬೋರ್ಡ್ ವೀರ

ನೆನಪಿನ ಮೋಹ ಎನ್ನುವವರಿಗೆ ನನ್ನ ಕಥೆ ಹೇಳಬೇಕು. ನಮ್ಮ ಕಡೆ ಆಗ ಟಿವಿ ಗೇಮ್ ಎಂದರೆ ಹಳದಿ ಕ್ಯಾಸೆಟ್ ಹಾಕುವ ಡಬ್ಬಿ, ಅದರಲ್ಲಿ ಹಳೇ ಮಾರಿಯೊ. ನಿಂಟೆಂಡೊ 64 ನಾನು ಕಣ್ಣಲ್ಲೂ ನೋಡಿರಲಿಲ್ಲ. 2004ರಲ್ಲಿ ದೊಡ್ಡಪ್ಪನ ಮಗ ಒಂದು ಸಿ.ಡಿ. ತಂದ. ಹಳೇ ಗೇಮ್ ಯಂತ್ರದ ಆಟಗಳನ್ನು ಕಂಪ್ಯೂಟರ್‌ನಲ್ಲಿ ನಡೆಸುವ ಎಮ್ಯುಲೇಟರ್ ಇತ್ತು, ಜೊತೆಗೆ ಈ ಆಟ. ಕಂಪ್ಯೂಟರ್ ಅವನದ್ದು, ನನ್ನ ಪಾಲಿಗೆ ಭಾನುವಾರ ಒಂದು ಗಂಟೆ. ಆಡಿದ್ದು ಕೀಬೋರ್ಡ್‌ನಲ್ಲಿ, ಬಾಣದ ಕೀಲಿ ಒತ್ತಿ.

ಬಾಣದ ಕೀಲಿಗೆ ಅರ್ಧ ಎನ್ನುವುದಿಲ್ಲ. ಒತ್ತಿದರೆ ಪೂರ್ತಿ ಓಟ, ಬಿಟ್ಟರೆ ನಿಂತ. ವಾಂಪ್ಸ್ ಫೋರ್ಟ್ರೆಸ್‌ನಲ್ಲಿ ಕೆಂಪು ತಲೆಯ ಪಿರಾನಾ ಗಿಡ ಮಲಗಿರುತ್ತದಲ್ಲ. ಹತ್ತಿರ ಹೋಗುತ್ತಿದ್ದ ಹಾಗೆ ಸಂಗೀತ ಬದಲಾಗಿ ಜೋಗುಳದ ಥರ ಏನೋ ಶುರುವಾಗುತ್ತಿತ್ತು. ಎರಡು ಸೆಕೆಂಡ್. ಅಷ್ಟರಲ್ಲಿ ಗಿಡ ಎದ್ದು ಕಚ್ಚುತ್ತಿತ್ತು. ಪ್ರತಿ ಸಲವೂ ಇದೇ. ಆ ಜೋಗುಳ ಯಾಕೆ ಹಾಕಿದ್ದಾರೆ ಎಂದು ನನಗೂ ಗೊತ್ತಿರಲಿಲ್ಲ, ಅಣ್ಣನಿಗೂ ಗೊತ್ತಿರಲಿಲ್ಲ. ಗಿಡ ಏಳುವ ಮೊದಲು ಕೊಡುವ ಸೂಚನೆ ಎಂದು ನಾವೇ ತೀರ್ಮಾನ ಮಾಡಿಕೊಂಡೆವು.

ಕೆಲಸಕ್ಕೆ ಸೇರಿದ ಮೇಲೆ ಒಂದು ಕಂಟ್ರೋಲರ್ ಕೊಂಡೆ. ಅದೇ ಜಾಗಕ್ಕೆ ಬಂದೆ. ಸ್ಟಿಕ್ ಕೂದಲೆಳೆಯಷ್ಟು ತಳ್ಳಿದೆ. ಮಾರಿಯೊ ತುದಿಗಾಲಲ್ಲಿ, ಕಳ್ಳಹೆಜ್ಜೆ ಇಡುತ್ತಾ ನಡೆದ! ಜೋಗುಳ ನಿಲ್ಲಲೇ ಇಲ್ಲ. ಗಿಡ ಉಸಿರಾಡುತ್ತಾ ಮಲಗಿಯೇ ಇತ್ತು. ಪಕ್ಕದಲ್ಲಿ ಹೋಗಿ ನಿಂತೆ. ಮಗು ಮಲಗಿರುವ ಕೋಣೆಯಲ್ಲಿ ನಾವು ನಡೆಯುತ್ತೇವಲ್ಲ, ಅದೇ ನಡಿಗೆ. ಇಷ್ಟು ವರ್ಷ ನಾನು ಆ ಆಟವನ್ನು ಆಡಿಯೇ ಇರಲಿಲ್ಲ ಅನ್ನಿಸಿತು.

ಹಾಗಾಗಿ ನನ್ನದು ಚಿಕ್ಕಂದಿನ ನೆನಪಲ್ಲ ಸ್ವಾಮಿ. ಚಿಕ್ಕಂದಿನಲ್ಲಿ ನನಗೆ ಸಿಕ್ಕಿದ್ದು ಅರ್ಧ ಆಟ. ಇಷ್ಟವಾದದ್ದು ಆಮೇಲೆ.

ಆಮೇಲೆ ಆ ಗಿಡಕ್ಕೆ ಒಂದು ಗುದ್ದು ಕೊಟ್ಟೆ ಎನ್ನುವುದನ್ನೂ ಹೇಳಿಬಿಡುತ್ತೇನೆ. ನೀಲಿ ನಾಣ್ಯ ಬಂತು. ಪಾಪ ಅನ್ನಿಸಿತು.

ಎಡಿಸನ್ ಕನ್ನಡಿಗ

ನಾನು ಇಲ್ಲಿ ನ್ಯೂಜೆರ್ಸಿಯಲ್ಲಿ ಬೆಳೆದವನು, ಅಪ್ಪ ಕೆಲಸಕ್ಕೆಂದು ಬಂದಿದ್ದರು. ಅಂಗಡಿಯಲ್ಲಿ ಆಡಿ ನೋಡಲು ಒಂದು ಟಿವಿ ಇಟ್ಟಿದ್ದರು. ನನ್ನ ಸರದಿ ಬಂದಾಗ ಪರದೆ ಮೇಲೆ ಮಾರಿಯೊನ ಮುಖ ಅಷ್ಟೇ ಇತ್ತು. ಕಿವಿ ಎಳೆದೆ, ಮೂಗು ಎಳೆದೆ, ಮೀಸೆ ಎಳೆದೆ. ಬಿಟ್ಟರೆ ರಬ್ಬರ್ ಥರ ವಾಪಸ್ ಹೋಗುತ್ತಿತ್ತು. ಆಟ ಶುರು ಮಾಡಬಹುದು ಎಂದು ಗೊತ್ತಾಗುವ ಮೊದಲೇ ಹಿಂದಿದ್ದ ಹುಡುಗ ಕಂಟ್ರೋಲರ್ ಕಿತ್ತುಕೊಂಡ. ಆ ಮುಖದ ಕೆಲಸ ಮಾಡಿದ್ದು ಜೈಲ್ಸ್ ಗಾಡರ್ಡ್, ನಿಂಟೆಂಡೊದಲ್ಲಿದ್ದ ಬ್ರಿಟಿಷ್ ಪ್ರೋಗ್ರಾಮರ್.

ಆ ಕಂಟ್ರೋಲರ್‌ಗೆ ಮೂರು ಹಿಡಿ ಇತ್ತು, ಸ್ಟಿಕ್ ನಡುವಿನದರ ಮೇಲೆ. ಎಲ್ಲಿ ಹಿಡಿಯಬೇಕು ಎಂದು ಅಪ್ಪನಿಗೆ ಕೊನೆವರೆಗೂ ತಿಳಿಯಲಿಲ್ಲ.

ಮೋಡದಮೇಲೆ

ಕ್ಯಾಮೆರಾ ಪರ ವಾದ ಮಾಡಲು ಯಾರೂ ಇಲ್ಲ, ನಾನೇ ಬಂದೆ.

ಹೊಸಬರೇ, ಶುರುವಿನಲ್ಲಿ ಮೋಡದ ಮೇಲೆ ಒಬ್ಬ ಬರುತ್ತಾನಲ್ಲ, ಕೋಲಿನ ತುದಿಗೆ ಕ್ಯಾಮೆರಾ ಕಟ್ಟಿಕೊಂಡು? ಅವನೇ ಲಕಿಟು. ಹಳೇ ಮಾರಿಯೊದಲ್ಲಿ ಮೇಲಿನಿಂದ ಮುಳ್ಳುಮೊಟ್ಟೆ ಎಸೆಯುತ್ತಿದ್ದವನು, ಇಲ್ಲಿ ಛಾಯಾಗ್ರಾಹಕ. 1996ರಲ್ಲಿ ಆಡುವವನಿಗೆ "ಕ್ಯಾಮೆರಾ ತಿರುಗಿಸು" ಎಂದರೆ ಅರ್ಥವಾಗುತ್ತಿರಲಿಲ್ಲ. ಅದಕ್ಕೇ ಅದನ್ನು ಒಬ್ಬ ಪಾತ್ರ ಮಾಡಿಬಿಟ್ಟರು. ಕೋಟೆಯ ಮೇಲಂತಸ್ತಿನಲ್ಲಿ ಕನ್ನಡಿ ಇರುವ ಕೋಣೆ ಸಿಗುತ್ತದೆ. ಕನ್ನಡಿಯಲ್ಲಿ ಮಾರಿಯೊ ಕಾಣುತ್ತಾನೆ, ಅವನ ಹಿಂದೆ ಮೋಡದ ಮೇಲೆ ಲಕಿಟು ಕೂಡ ಕಾಣುತ್ತಾನೆ. ಅಂದರೆ ಇಷ್ಟು ಹೊತ್ತು ಅವನು ನಿಜವಾಗಿಯೂ ಅಲ್ಲೇ ಇದ್ದ. ಅದನ್ನು ಮೊದಲು ನೋಡಿದಾಗ ನಾನು ತಿರುಗಿ ನನ್ನ ಹಿಂದೆಯೇ ನೋಡಿಕೊಂಡಿದ್ದೆ!

ಈಗ ಉಪಾಯ. ಸ್ವಿಚ್‌ನ ಬಲ ಸ್ಟಿಕ್ ಹೊಸ ಆಟಗಳ ಹಾಗೆ ನುಣ್ಣಗೆ ತಿರುಗುವುದಿಲ್ಲ. ಒಳಗೆ ಅದು ಹಳೇ ನಾಲ್ಕು ಹಳದಿ ಸಿ ಬಟನ್. ತಳ್ಳಿದಷ್ಟು ಸಲ ಒಂದೊಂದು ಮೆಟ್ಟಿಲು ತಿರುಗುತ್ತದೆ. ಓಡುತ್ತಾ ತಿರುಗಿಸಬೇಡಿ. ಮೊದಲು ನಿಲ್ಲಿ, ತಿರುಗಿಸಿ, ಆಮೇಲೆ ಹೊರಡಿ. ಕಿರಿದಾದ ಜಾಗದಲ್ಲಿ ಆರ್ ಒತ್ತಿದರೆ ಕ್ಯಾಮೆರಾ ಮಾರಿಯೊನ ಬೆನ್ನಿಗೇ ಅಂಟಿಕೊಳ್ಳುತ್ತದೆ.

ಇಷ್ಟು ಹೇಳಿ ಒಪ್ಪಿಕೊಳ್ಳುತ್ತೇನೆ, ಬಿಗ್ ಬೂಸ್ ಹಾಂಟ್‌ನ ಭೂತದ ಮನೆಯ ಕೋಣೆಗಳಲ್ಲಿ ಲಕಿಟು ಕುಡಿದು ಬಂದಿರುತ್ತಾನೆ.

ಅರ್ಧಬಟನ್

ಇನ್ನು ನನ್ನ ಪಾಳಿ. 2019ರಲ್ಲಿ ಅಭಿಮಾನಿಗಳು ಈ ಆಟದ ಕೋಡ್ ಪೂರ್ತಿ ಬಿಡಿಸಿ ಇಟ್ಟರು. ಅದರಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಾಲಿದೆ. ಮಾರಿಯೊ ನಿಂತಲ್ಲೇ ಜಿಗಿದರೆ ಮೇಲೇಳುವ ವೇಗ 42. ಓಡುತ್ತಾ ಜಿಗಿದರೆ ಆ 42ಕ್ಕೆ ಓಟದ ವೇಗದ ಕಾಲು ಭಾಗ ಸೇರುತ್ತದೆ. ಅಂದರೆ ಜೋರಾಗಿ ಬಂದವನು ಜಾಸ್ತಿ ಎತ್ತರ ಹೋಗುತ್ತಾನೆ. ಇದನ್ನು ಆಟ ಎಲ್ಲೂ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ, ಕಾಲುವೆ ದಾಟಲು ನಾಲ್ಕು ಹೆಜ್ಜೆ ಹಿಂದೆ ಹೋಗಿ ಓಡಿ ಬರುವ ಹುಡುಗನಿಗೆ ಯಾರು ಹೇಳಿಕೊಟ್ಟಿರುತ್ತಾರೆ?

ನೆರಳು ಕೂಡ ನೋಡಿ. ಮಾರಿಯೊ ಎಲ್ಲಿದ್ದರೂ ನೆರಳು ಅವನ ಕಾಲ ಕೆಳಗೇ, ನೆಟ್ಟಗೆ, ಮಧ್ಯಾಹ್ನ ಹನ್ನೆರಡರ ಬಿಸಿಲಿನ ಹಾಗೆ. ಬೆಳಕಿನ ಲೆಕ್ಕದಲ್ಲಿ ಅದು ತಪ್ಪು. ಆದರೆ ಚಪ್ಪಟೆ ಪರದೆ ಮೇಲೆ ಆಳ ಕಾಣುವುದಿಲ್ಲವಲ್ಲ, ಎಲ್ಲಿ ಇಳಿಯುತ್ತೇನೆ ಎಂದು ತಿಳಿಯಲು ನಮಗಿರುವ ಒಂದೇ ಗುರುತು ಆ ಕರಿ ಚುಕ್ಕೆ. ಹೊಸಬರು ಬೀಳುವುದು ಮಾರಿಯೊನನ್ನು ನೋಡುತ್ತಾ ಜಿಗಿಯುವುದರಿಂದ. ನೆರಳು ನೋಡಿ ಜಿಗಿಯಿರಿ.

ಇನ್ನು ಅಂಕೆ ಮೀರಿದ ವಿಷಯ. ಉದ್ದ ಜಿಗಿತದಲ್ಲಿ ಮುಂದಿನ ವೇಗಕ್ಕೆ ಮಿತಿ ಹಾಕಿದ್ದಾರೆ, ಹಿಂದಿನ ವೇಗಕ್ಕೆ ಹಾಕಲು ಮರೆತಿದ್ದಾರೆ. ಮೆಟ್ಟಿಲಿಗೆ ಬೆನ್ನು ಕೊಟ್ಟು ಹಿಂದಕ್ಕೆ ಉದ್ದ ಜಿಗಿತ ಟಪಟಪ ಹಾಕುತ್ತಾ ಹೋದರೆ ವೇಗ ಕೂಡುತ್ತಲೇ ಹೋಗುತ್ತದೆ. ಕೊನೆಯ ಬೌಸರ್ ಹತ್ತಿರ ಹೋಗುವ ಮುಗಿಯದ ಮೆಟ್ಟಿಲು ಇದೆ. 70 ನಕ್ಷತ್ರ ಇಲ್ಲದಿದ್ದರೆ ಎಷ್ಟು ಹತ್ತಿದರೂ ಅಲ್ಲೇ ಇರುತ್ತೀರಿ, ಸಂಗೀತ ಕೂಡ ಏರುತ್ತಲೇ ಇರುವ ಹಾಗೆ ಕೇಳಿಸುತ್ತದೆ. ಈ ಹಿಂದುಜಿಗಿತದಲ್ಲಿ ಆ ಮೆಟ್ಟಿಲನ್ನೂ ದಾಟಬಹುದು. ಬೇಗ ಮುಗಿಸುವ ಪಂದ್ಯದವರು 120 ನಕ್ಷತ್ರ, 70, 16, 1, 0 ಎಂದು ವಿಭಾಗ ಮಾಡಿಕೊಂಡಿರುವುದು ಇಂಥ ದಾರಿಗಳಿಂದಲೇ. 120 ನಕ್ಷತ್ರ ಗಳಿಸಲು ನನಗೆ ಒಂದು ಬೇಸಿಗೆ ರಜೆ ಬೇಕಾಯಿತು. ಅವರು ಒಂದು ಗಂಟೆ ನಲವತ್ತು ನಿಮಿಷದೊಳಗೆ ಮುಗಿಸುತ್ತಾರೆ.

ಜಪಾನಿನಲ್ಲಿ 1997ರಲ್ಲಿ ಬಂದ ಶಿಂಡೊ ಆವೃತ್ತಿಯಲ್ಲಿ ಈ ತೂತು ಮುಚ್ಚಿದರು. 2020ರಲ್ಲಿ ಸ್ವಿಚ್‌ಗೆ ಬಂದ ಮೂರು ಆಟಗಳ ಸಂಗ್ರಹದಲ್ಲಿ ಇದ್ದದ್ದು ಅದೇ ಆವೃತ್ತಿ. ಅವತ್ತು ಈ ಆಟದ ಮಂದಿ ಪಟ್ಟ ಬೇಸರ ಕೇಳಬೇಡಿ. ತೂತು ಮುಚ್ಚಿದ್ದಕ್ಕೆ ಅಳುವ ಜನ ನಾವೇ ಇರಬೇಕು.

ತಕ್ಕಡಿ

ನಿಮ್ಮ ಹೆಸರಿಗೆ ಕಾರಣವನ್ನೂ ಹೇಳಿ, ಇಲ್ಲದಿದ್ದರೆ ಅವರಿಗೆ ಅರ್ಥವಾಗುವುದಿಲ್ಲ.

ಅರ್ಧಬಟನ್

ಜಿಗಿಯುವ ಆಟವನ್ನು ಜಿಗಿಯುವ ಬಟನ್ ಒತ್ತದೆ ಮುಗಿಸಲು ನೋಡುವ ಒಂದು ಗುಂಪಿದೆ. ಎಷ್ಟು ಕಡಿಮೆ ಎ ಒತ್ತಿ ಒಂದು ನಕ್ಷತ್ರ ತೆಗೆಯಬಹುದು ಎನ್ನುವುದೇ ಅವರ ಲೆಕ್ಕ. ಪ್ಯಾನೆನ್‌ಕೂಕ್2012 ಎನ್ನುವ ಹೆಸರಿನಲ್ಲಿ ಬರುವವರ ವಿಡಿಯೋಗಳಿಂದ ಅದು ಹೆಸರಾಯಿತು. ಒಂದು ಒತ್ತಿಗೆ ಮೂರು ಭಾಗ: ಒತ್ತುವುದು, ಹಿಡಿದಿರುವುದು, ಬಿಡುವುದು. ಲೆವೆಲ್‌ಗೆ ಬರುವ ಮೊದಲೇ ಎ ಹಿಡಿದುಕೊಂಡು ಬಂದು, ಹಿಡಿದಿರುವ ಭಾಗವನ್ನಷ್ಟೇ ಬಳಸಿದರೆ ಅದು ಅರ್ಧ ಒತ್ತು. ನಗಬೇಡಿ. ಇದಕ್ಕೆ ಗಂಟೆಗಟ್ಟಲೆ ವಿವರಣೆ ಇದೆ, ನಾನು ಊಟ ಬಿಟ್ಟು ನೋಡಿದ್ದೇನೆ.

ಕೀಬೋರ್ಡ್ ವೀರ

ನಮ್ಮ ಅಣ್ಣನ ಕೀಬೋರ್ಡ್‌ನಲ್ಲಿ ಎಕ್ಸ್ ಕೀಲಿ ಕೆಟ್ಟು ಹೋಗಿತ್ತು, ಅದೇ ಜಿಗಿತದ ಕೀಲಿ. ಹತ್ತು ಸಲ ಒತ್ತಿದರೆ ಎರಡು ಸಲ ಜಿಗಿಯುತ್ತಿದ್ದ. ಈ ದಾಖಲೆ ಯಾರ ಹೆಸರಿಗೆ?

ತಕ್ಕಡಿ

ಎಲ್ಲರೂ ಹೊಗಳುತ್ತಿರುವಾಗ ತೂಕಕ್ಕೆ ಸ್ವಲ್ಪ ಈ ಕಡೆಗೂ ಹಾಕುತ್ತೇನೆ. 15 ದೊಡ್ಡ ಲೆವೆಲ್‌ಗಳಲ್ಲಿ ಕೊನೆಯವು ಮೊದಲಿನವುಗಳ ಮಟ್ಟಕ್ಕಿಲ್ಲ. ರೇನ್‌ಬೋ ರೈಡ್‌ನಲ್ಲಿ ಹಾರುವ ಚಾಪೆ ಮೇಲೆ ನಿಂತು ಬಸ್ಸಿಗೆ ಕಾದ ಹಾಗೆ ಕಾಯಬೇಕು. ಇಷ್ಟು ಚೆನ್ನಾಗಿ ಓಡುವವನನ್ನು ಯಾರಾದರೂ ನಿಲ್ಲಿಸುತ್ತಾರಾ? ಒಂದೊಂದು ಲೆವೆಲ್‌ನಲ್ಲೂ ನೂರು ನಾಣ್ಯ ಸೇರಿಸುವ ನಕ್ಷತ್ರ ಬೇರೆ. 94 ಆದಾಗ ಜಾರಿ ಬಿದ್ದು ಸತ್ತರೆ ಮತ್ತೆ ಸೊನ್ನೆಯಿಂದ. ಅದು ಕಷ್ಟ ಅಲ್ಲ, ಕಿರುಕುಳ.

ಆದರೆ ಟಿಕ್ ಟಾಕ್ ಕ್ಲಾಕ್‌ಗೆ ನಾನು ಕೈ ಮುಗಿಯುತ್ತೇನೆ. ಕೋಟೆಯ ಚಿತ್ರಗಳೊಳಗೆ ಹಾರಿ ತಾನೆ ಲೆವೆಲ್‌ಗೆ ಹೋಗುವುದು, ಇಲ್ಲಿ ಗಡಿಯಾರದ ಒಳಗೆ ಹಾರುವಾಗ ಹೊರಗೆ ನಿಮಿಷದ ಮುಳ್ಳು ಎಲ್ಲಿದೆಯೋ ಅದರ ಮೇಲೆ ಒಳಗಿನ ಯಂತ್ರದ ವೇಗ. ಮುಳ್ಳು 12ರಲ್ಲಿದ್ದಾಗ ಹಾರಿದರೆ ಒಳಗೆ ಎಲ್ಲವೂ ಸ್ತಬ್ಧ. ವೆಟ್-ಡ್ರೈ ವರ್ಲ್ಡ್‌ನಲ್ಲಿ ಚಿತ್ರಕ್ಕೆ ಎಷ್ಟು ಎತ್ತರದಲ್ಲಿ ಹಾರುತ್ತೀರೋ ಒಳಗೆ ನೀರು ಅಷ್ಟು. ಇಡೀ ಆಟ ಕೂರಿಸಿದ್ದು 8 ಎಂಬಿ ಕಾರ್ಟ್ರಿಜ್‌ನಲ್ಲಿ. ಈಗ ಫೋನಿನಲ್ಲಿ ತೆಗೆದ ಎರಡು ಫೋಟೋಗೆ ಅಷ್ಟು ಬೇಕು. ಜಾಗ ಇಲ್ಲದ್ದಕ್ಕೇ ಒಂದೇ ಗುಡ್ಡವನ್ನು ಏಳು ಥರ ಹತ್ತಿಸಿದರು ಅನ್ನಿಸುತ್ತದೆ.

ಎಡಿಸನ್ ಕನ್ನಡಿಗ

2021ರಲ್ಲಿ ಸೀಲ್ ಒಡೆಯದ ಒಂದು ಪ್ರತಿ ಹರಾಜಿನಲ್ಲಿ 15 ಲಕ್ಷ 60 ಸಾವಿರ ಡಾಲರ್‌ಗೆ ಹೋಯಿತು. ಅಮ್ಮ ಆ ಸುದ್ದಿ ಕೇಳಿ ನಮ್ಮದು ಎಲ್ಲಿ ಎಂದು ಹುಡುಕಿಸಿದರು. ನಮ್ಮದರ ಡಬ್ಬಿಯಲ್ಲಿ ಅವರೇ ಗುಂಡಿ, ಸೂಜಿ ಇಟ್ಟಿದ್ದರು.

ಮೋಡದಮೇಲೆ

ಕೋಟೆ ಹಿಂದಿನ ಅಂಗಳದಲ್ಲಿ ಕಾರಂಜಿ ಕೆಳಗೆ ಒಂದು ಮಸುಕು ಫಲಕ ಇದೆ. ಅದರಲ್ಲಿ "ಎಲ್ ಈಸ್ ರಿಯಲ್ 2401" ಎಂದು ಬರೆದಿದೆ ಎಂದು ಜನ ಓದಿಕೊಂಡರು. ಎಲ್ ಎಂದರೆ ಮಾರಿಯೊನ ತಮ್ಮ ಲುಯಿಜಿ, ಎಲ್ಲೋ ಬಚ್ಚಿಟ್ಟಿದ್ದಾರೆ ಎಂದು ಎಷ್ಟೋ ವರ್ಷ ಹುಡುಕಿದರು. 2020ರ ಜುಲೈನಲ್ಲಿ ಹಳೇ ಕಡತಗಳು ಸೋರಿ ಹೊರಬಂದಾಗ ಅದರಲ್ಲಿ ಲುಯಿಜಿಯ ತುಂಡುಗಳು ನಿಜವಾಗಿಯೂ ಇದ್ದವು. ಮೊದಲು ಸೇರಿಸಬೇಕೆಂದಿದ್ದು ಆಮೇಲೆ ಬಿಟ್ಟಿದ್ದರು. ಆಟ ಬಂದು ಆಗ 24 ವರ್ಷ 1 ತಿಂಗಳು. ಕಾಕತಾಳೀಯ ಎಂದು ನನಗೂ ಗೊತ್ತು, ಆದರೂ ಮೈ ಜುಮ್ಮೆಂದಿತ್ತು.

ಹೊಸಬ22

ಮನೆಪಾಠ ಮಾಡಿ ಬಂದೆ. ಹದಿನೈದು ನಿಮಿಷ ಎಂದಿದ್ದಿರಿ, ನೋಡಿದರೆ ಒಂದು ಗಂಟೆ ಇಪ್ಪತ್ತು ನಿಮಿಷ ಆಗಿದೆ.

ಮರದ ತುದಿಯಲ್ಲಿ ಕೈ ಮೇಲೆ ನಿಂತ! ಅಲ್ಲಿಂದ ಜಿಗಿದರೆ ಪಲ್ಟಿ ಹೊಡೆದು ಇಳಿಯುತ್ತಾನೆ. ಮೂರು ಜಿಗಿತ ಮೊದಲು ಬರಲೇ ಇಲ್ಲ. ನಾನು ಬಟನ್ ಬೇಗ ಬೇಗ ಒತ್ತುತ್ತಿದ್ದೆ. ಅವನ ಕಾಲು ನೆಲ ಮುಟ್ಟುವ ಸದ್ದಿಗೆ ಸರಿಯಾಗಿ ಒತ್ತಬೇಕು ಎಂದು ಆಮೇಲೆ ಗೊತ್ತಾಯಿತು. ಕುಂಟೆಬಿಲ್ಲೆ ಲಯ ಅದು, ಅಲ್ವಾ? ಒಮ್ಮೆ ಬಂದ ಮೇಲೆ ಸೇತುವೆಯಿಂದ ಕಂದಕದವರೆಗೆ ಅದೇ ಮಾಡುತ್ತಾ ಓಡಾಡಿದೆ. ಇಳಿಜಾರಿನಲ್ಲಿ ಹೊಟ್ಟೆ ಮೇಲೆ ಜಾರಿ, ಹಾಗೇ ಎದ್ದು ಜಿಗಿದು, ನೀರಿಗೆ ಬಿದ್ದು, ಈಜಿ, ಮತ್ತೆ ದಡ ಹತ್ತಿ.

ಆಮೇಲೆ ಬಾಂಬ್ ರಾಜನ ಗುಡ್ಡಕ್ಕೆ ವಾಪಸ್ ಹೋದೆ. ಅವನನ್ನು ಹಿಂದಿನಿಂದ ಎತ್ತಿ ಗುಡ್ಡದಿಂದ ಕೆಳಗೇ ಎಸೆದುಬಿಟ್ಟೆ, ಸುಲಭ ಆಗಲಿ ಎಂದು. ಅವನು ಹಾರಿ ಮೇಲೆ ಬಂದು, ಇದು ಮೋಸ, ಸರಿಯಾಗಿ ಆಡು ಎಂದು ಬೈದು ಮೊದಲಿನಿಂದ ಶುರು ಮಾಡಿಸಿದ. ನಗು ಬಂತು. ಹೀಗೆ ಮಾಡುವವನು ಬರುತ್ತಾನೆ ಎಂದು ಮೊದಲೇ ಯೋಚಿಸಿ ಮಾತು ಬರೆದಿಟ್ಟಿದ್ದಾರೆ.

ಕ್ಯಾಮೆರಾ ಬಗ್ಗೆ ನನ್ನ ಮಾತು ವಾಪಸ್ ತೆಗೆದುಕೊಳ್ಳುವುದಿಲ್ಲ. ಆದರೆ ನಿಂತು ತಿರುಗಿಸುವ ಉಪಾಯಕ್ಕೆ ಥ್ಯಾಂಕ್ಸ್. ಗಿಡದ ಹತ್ತಿರ ಕಳ್ಳಹೆಜ್ಜೆಯಲ್ಲೂ ಹೋಗಿ ಬಂದೆ. ಗುದ್ದಲಿಲ್ಲ.

ಕೀಬೋರ್ಡ್ ವೀರ

ಗುದ್ದದೆ ಬಂದದ್ದಕ್ಕೆ ನಿಮ್ಮ ಹೊಟ್ಟೆ ತಣ್ಣಗಿರಲಿ.

ತಕ್ಕಡಿ

ಸರಿ, ಎರಡು ದಿನದಲ್ಲಿ ಎಷ್ಟು ನಕ್ಷತ್ರ ಆಯಿತು?

ಹೊಸಬ22

ಅದೇ 9. ಒಂದೂ ಹೊಸದು ತೆಗೆದಿಲ್ಲ. ನೆನಪೇ ಆಗಲಿಲ್ಲ.

ಒಂದು ಡೌಟು. ತೋಟದಿಂದ ಕೋಟೆಯ ಛಾವಣಿ ಮೇಲೆ ಹತ್ತಲು ಅರ್ಧ ಗಂಟೆ ಒದ್ದಾಡಿದೆ. ಎಲ್ಲ ಜಿಗಿತ ಹಾಕಿ ನೋಡಿದೆ, ಆಗುತ್ತಿಲ್ಲ. ಅಲ್ಲಿಗೆ ಹೋಗಲು ಆಗುತ್ತದಾ, ಸುಮ್ನೆ ಗೋಡೆನಾ?

ಮೂರನೇಜಿಗಿತ

ಆಗುತ್ತದೆ. ತೋಟದಲ್ಲಿ ಕಂಬಿ ಹಾಕಿ ಮುಚ್ಚಿದ ಒಂದು ಗುಂಡಿ ನೋಡಿದ್ದೀರಾ? ಅದು ಫಿರಂಗಿ. 120 ನಕ್ಷತ್ರ ಪೂರ್ತಿ ಆದ ಮೇಲೆ ತೆರೆಯುತ್ತದೆ.

ಛಾವಣಿ ಮೇಲೆ ಏನಿದೆ ಎಂದು ಇಲ್ಲಿ ಯಾರೂ ಬಾಯಿ ಬಿಡಬೇಡಿ.

ತಕ್ಕಡಿ

ಕಳೆದ ಶತಮಾನದ ಆಟಕ್ಕೆ ಗುಟ್ಟು ಕಾಯುತ್ತಿದ್ದೀರಿ ನೀವು.

ಕೀಬೋರ್ಡ್ ವೀರ

ನಾನು ಇನ್ನೂ 113ರಲ್ಲಿದ್ದೇನೆ ಮಾರಾಯ. ಸುಮ್ನಿರಿ.